ಡ್ರ್ಯಾಗನ್ ಟ್ರೇನಿಗೆ ವಿಆರ್ ಚಾಳೀಸು

‘ತಂಗೀ, ಈ ಚಾಳೀಸ ಕೊಟ್ರ ಮಂದಿ ಹೆಚ್ಚ ಬರ್ತಾರಂತೀಯೇನ?’

ಕಾಕಾ ಹೀಗೆ ಕೇಳಿದಾಗ ನಾನು ಹಿಂದೆಮುಂದೆ ನೋಡದೆ ‘ಡಬಲ್ ಬರ್ತಾರ ಕಾಕಾ’ ಎಂದುಬಿಟ್ಟೆ. ಲೆಕ್ಕ ಹಾಕಿ ಹೇಳಿದ ಮಾತಲ್ಲ ಅದು. ಯೂಟ್ಯೂಬ್‌ನಲ್ಲಿ ನಾಲ್ಕು ವಿಡಿಯೊ ನೋಡಿದ ಹುರುಪಿನಲ್ಲಿ ಬಾಯಿಗೆ ಬಂದದ್ದು. ಕಾಕಾ ಮಾತ್ರ ಅದನ್ನು ಎಂಜಿನಿಯರಿಂಗ್ ಓದುವ ಮಗಳ ಮಾತು ಎಂದು ನಂಬಿಬಿಟ್ಟರು.

ನಮ್ಮದು ಬೈಲಹೊಂಗಲ. ನಾನು ಬೆಳಗಾವಿಯಲ್ಲಿ ಬಿ.ಇ. ಮೂರನೇ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಜಾತ್ರೆಗಳಲ್ಲಿ ಡ್ರ್ಯಾಗನ್ ಟ್ರೇನ್ ಓಡಿಸುತ್ತಾರೆ. ನೀವು ನೋಡಿರುತ್ತೀರಿ: ಮುಂದೆ ಬಾಯಿ ತೆರೆದ ಡ್ರ್ಯಾಗನ್ ಮುಖ, ಹಿಂದೆ ಬಣ್ಣ ಬಳಿದ ಡಬ್ಬಿಗಳು, ಮೊಟ್ಟೆಯಾಕಾರದ ಹಳಿ, ಅದರಲ್ಲಿ ಎರಡು ಸಣ್ಣ ಏರಿಳಿತ. ಒಟ್ಟು 16 ಸೀಟು. ಟಿಕೆಟ್ 50 ರೂಪಾಯಿ. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ, ಡಿಸೆಂಬರ್‌ನಲ್ಲಿ ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನಗುಡ್ಡ. ಹೀಗೆ ಊರಿಂದೂರಿಗೆ ಲಾರಿಯಲ್ಲಿ ಹಳಿ ಹೇರಿಕೊಂಡು ಹೋಗುವುದೇ ಅವರ ದುಡಿಮೆ.

ಐದನೇ ಸೆಮಿಸ್ಟರ್‌ನಲ್ಲಿ ನಮಗೆ ಮಿನಿ ಪ್ರಾಜೆಕ್ಟ್ ಇತ್ತು. ತಂಡದಲ್ಲಿ ಮೂವರು: ನಾನು, ರಾಮದುರ್ಗದ ಗೆಳತಿ, ಕಿತ್ತೂರಿನ ಗೆಳೆಯ. ‘ಎಲ್ಲರೂ ಮಾಡುವ ಸ್ಮಾರ್ಟ್ ಡಸ್ಟ್‌ಬಿನ್ ಬ್ಯಾಡ. ಕಾಕಾನ ಟ್ರೇನಿಗೆ ವಿಆರ್ ಹಾಕೋಣ’ ಎಂದವಳು ನಾನೇ.

ಆಸೆ ಹುಟ್ಟಿದ್ದು

ಪಿಯುಸಿ ಪ್ರವಾಸದಲ್ಲಿ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಿದ್ದೆ. ಅಲ್ಲಿನ ‘ರಿಕಾಯ್ಲ್’ ಎಂಬ ರೋಲರ್ ಕೋಸ್ಟರ್ ನಮ್ಮನ್ನು ತಲೆಕೆಳಗು ಮಾಡಿ ಒಯ್ದು, ಮತ್ತೆ ಅದೇ ದಾರಿಯಲ್ಲಿ ಹಿಮ್ಮುಖವಾಗಿ ತಂದು ಬಿಟ್ಟಿತ್ತು. ಆ ದಿನದಿಂದ ರೋಲರ್ ಕೋಸ್ಟರ್ ವಿಡಿಯೊ ನೋಡುವ ಹುಚ್ಚು. ಹಾಗೆ ನೋಡುತ್ತಾ ಸಿಕ್ಕಿದ್ದೇ ವಿಆರ್ ಕೋಸ್ಟರ್.

ಜರ್ಮನಿಯ ಯೂರೋಪಾ ಪಾರ್ಕ್‌ನಲ್ಲಿ ಆಲ್ಪೆನ್‌ಎಕ್ಸ್‌ಪ್ರೆಸ್ ಎಂಬ ಹಳೆಯ ಕೋಸ್ಟರ್ ಇದೆ. 1984ರದ್ದು. 2015ರಲ್ಲಿ ಅದನ್ನು ಏರುವವರಿಗೆ ಸ್ಯಾಮ್ಸಂಗ್ ಗೇರ್ ವಿಆರ್ ಹೆಡ್‌ಸೆಟ್ ಕೊಡಲು ಶುರು ಮಾಡಿದರು. ಹಳಿ ಅದೇ, ರೈಲು ಅದೇ. ಕಣ್ಣಿಗೆ ಕಾಣುವುದು ಮಾತ್ರ ಬೇರೆ ಲೋಕ. ಈ ತಂತ್ರಜ್ಞಾನ ಬೆಳೆದದ್ದು ಕೈಸರ್ಸ್‌ಲೌಟರ್ನ್‌ನ ಒಂದು ಕಾಲೇಜಿನಲ್ಲಿ, ಥಾಮಸ್ ವಾಗ್ನರ್ ಎಂಬ ಪ್ರಾಧ್ಯಾಪಕರ ಸಂಶೋಧನೆಯಾಗಿ. ಕಾಲೇಜಿನಲ್ಲಿ ಹುಟ್ಟಿದ್ದು ಎಂದು ಓದಿದ ಮೇಲಂತೂ ನಮಗೆ ರೆಕ್ಕೆ ಬಂತು. ಹೊಸ ಕೋಸ್ಟರ್ ಕಟ್ಟಲು ಕೋಟಿಗಟ್ಟಲೆ ಬೇಕು. ಹಳೆಯದಕ್ಕೆ ಕನ್ನಡಕ ಹಾಕಿದರೆ ಹೊಸದಾಗುತ್ತದೆ ಎಂದರೆ ಯಾರಿಗೆ ಬೇಡ? ಮರುವರ್ಷ, 2016ರಲ್ಲಿ, ಇಂಗ್ಲೆಂಡಿನ ಆಲ್ಟನ್ ಟವರ್ಸ್ ತನ್ನ ‘ಏರ್’ ಕೋಸ್ಟರನ್ನು ವಿಆರ್ ಹಾಕಿ ‘ಗ್ಯಾಲಕ್ಟಿಕಾ’ ಎಂದು ಕರೆಯಿತು. ಅದೇ ವರ್ಷ ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಒಟ್ಟಿಗೇ ಹಲವು ಪಾರ್ಕ್‌ಗಳಲ್ಲಿ ವಿಆರ್ ತಂದಿತು.

ನಮ್ಮ ಬಳಿ ಗೇರ್ ವಿಆರ್ ಇರಲಿಲ್ಲ. ಫೋನ್ ಸಿಕ್ಕಿಸುವ ಅಗ್ಗದ ಪ್ಲಾಸ್ಟಿಕ್ ಹೆಡ್‌ಸೆಟ್ ನಾಲ್ಕು ತಂದೆವು. 2014ರಲ್ಲಿ ಗೂಗಲ್ ತೋರಿಸಿದ ರಟ್ಟಿನ ‘ಕಾರ್ಡ್‌ಬೋರ್ಡ್’ ಇದೆಯಲ್ಲ, ಅದೇ ತತ್ವ. ಯೂನಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ದೃಶ್ಯ ಕಟ್ಟಿದೆವು. ಕಿತ್ತೂರಿನ ಗೆಳೆಯ ಬಾಹ್ಯಾಕಾಶ ಬೇಡವೆಂದು ಹಟ ಹಿಡಿದ. ‘ನಮ್ಮ ಟ್ರೇನ್ ಕಿತ್ತೂರು ಕೋಟಿ ಸುತ್ತ ಹಾರಬೇಕು’ ಎಂದ. ಸರಿ, ಕೋಟೆಯ ಗೋಡೆ, ಕಂದಕ, ಅರಮನೆಯ ಅವಶೇಷಗಳ ಫೋಟೊ ತೆಗೆದು ತಂದು ಮಾದರಿ ಮಾಡಿದೆವು. ಹಾಸ್ಟೆಲ್‌ನ ಮಂಚದ ಮೇಲೆ ಕೂತು ನೋಡಿದರೆ ಅದ್ಭುತವಾಗಿತ್ತು.

ಕಣ್ಣಿಗೂ ಕಿವಿಗೂ ಜಗಳ

ಡಿಸೆಂಬರ್‌ನಲ್ಲಿ ಗೊಡಚಿಗೆ ಹೋದೆವು. ಬೆಳಿಗ್ಗೆ ಜನ ಸೇರುವ ಮೊದಲು ಪರೀಕ್ಷೆ. ಮೊದಲು ಹತ್ತಿದವಳು ನಾನು. ಮೂರನೇ ಸುತ್ತಿಗೆ ಬೆವರು, ನಾಲ್ಕನೇ ಸುತ್ತಿಗೆ ಬಾಯಲ್ಲಿ ನೀರು, ಇಳಿದವಳೇ ಪಕ್ಕದ ಹೊಲಕ್ಕೆ ಓಡಿದೆ. ಬೆಳಿಗ್ಗೆ ತಿಂದ ಗಿರ್ಮಿಟ್ ಅಲ್ಲೇ ಹೋಯಿತು. ರೈಲು ಸ್ಟಾರ್ಟ್ ಮಾಡುವ ಹುಡುಗ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಆದದ್ದೇನು? ನಮ್ಮ ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂದು ಅವು ಮಿದುಳಿಗೆ ಹೇಳುತ್ತವೆ. ಏರಿದೆವೋ ಇಳಿದೆವೋ, ವೇಗ ಹೆಚ್ಚಿತೋ ಎಂದು ಹೇಳಲು ಅದರ ಪಕ್ಕದಲ್ಲೇ ಇನ್ನೊಂದು ವ್ಯವಸ್ಥೆ ಇದೆ. ಕಣ್ಣು ಹೇಳುವುದೂ ಕಿವಿ ಹೇಳುವುದೂ ಒಂದೇ ಆಗಿದ್ದರೆ ತೊಂದರೆಯಿಲ್ಲ. ಎರಡೂ ಬೇರೆ ಬೇರೆ ಹೇಳಿದರೆ ಮಿದುಳು ಗಲಿಬಿಲಿಗೊಂಡು ವಾಂತಿ ಬರುತ್ತದೆ. ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕೂತರೆ ಹೊಟ್ಟೆ ತೊಳಸುವುದೂ ಇದೇ ಕಾರಣಕ್ಕೆ. ನಿಜ ಹೇಳಬೇಕೆಂದರೆ ಕುರ್ಚಿ ಮೇಲೆ ಕೂತು ನೋಡುವ ವಿಆರ್‌ಗಿಂತ ಕೋಸ್ಟರ್ ಮೇಲಿನ ವಿಆರ್ ಒಳ್ಳೆಯದು. ಏಕೆಂದರೆ ಅಲ್ಲಿ ದೇಹವೂ ನಿಜವಾಗಿ ಚಲಿಸುತ್ತದೆ. ಆದರೆ ಚಿತ್ರ ಮತ್ತು ಹಳಿ ಕರಾರುವಾಕ್ಕಾಗಿ ಹೊಂದಬೇಕು. ತಲೆ ತಿರುಗಿಸಿದ ಸುಮಾರು 20 ಮಿಲಿಸೆಕೆಂಡಿನೊಳಗೆ ಚಿತ್ರವೂ ತಿರುಗಬೇಕು ಎನ್ನುತ್ತಾರೆ ಈ ಕ್ಷೇತ್ರದವರು.

ನಾವು ಎರಡು ತಪ್ಪು ಮಾಡಿದ್ದೆವು. ಒಂದು, ರೈಲು ಹೊರಟ ಕೂಡಲೇ ಬಟನ್ ಒತ್ತಿ ವಿಡಿಯೊದಂತೆ ದೃಶ್ಯ ಓಡಿಸಿದ್ದೆವು. ಆದರೆ ಜಾತ್ರೆಯ ರೈಲು ಗಡಿಯಾರ ನೋಡಿ ಓಡುವುದಿಲ್ಲ. ಹದಿನಾರು ಮಂದಿ ಕೂತರೆ ನಿಧಾನ, ಖಾಲಿ ಇದ್ದರೆ ಜೋರು. ಜನರೇಟರ್ ಸ್ವಲ್ಪ ಸುಸ್ತಾದರೆ ಮತ್ತೂ ನಿಧಾನ. ಕಣ್ಣಿಗೆ ಇಳಿಜಾರು ಕಾಣುವಾಗ ಮೈ ಏರು ಹತ್ತುತ್ತಿತ್ತು. ಎರಡು, ಫೋನಿನೊಳಗಿನ ಜೈರೊಸ್ಕೋಪ್ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ತಪ್ಪುತ್ತಿತ್ತು. ರೈಲು ಪೂರ್ತಿ 360 ಡಿಗ್ರಿ ತಿರುಗಿದರೆ ಫೋನು 355 ಎನ್ನುತ್ತಿತ್ತು. ಐದು ಸುತ್ತಿಗೆ 25 ಡಿಗ್ರಿ. ರೈಲು ನೇರ ಹೋಗುತ್ತಿದ್ದರೆ ಚಿತ್ರದ ರೈಲು ಓರೆಯಾಗಿ ಕೋಟೆಯ ಗೋಡೆಗೆ ಹೊಡೆಯಲು ಹೊರಡುತ್ತಿತ್ತು.

ದೊಡ್ಡ ಪಾರ್ಕ್‌ಗಳಲ್ಲಿ ಇದಕ್ಕೆ ಪರಿಹಾರವಾಗಿ ರೈಲಿಗೇ ಒಂದು ಪೆಟ್ಟಿಗೆ ಕೂರಿಸುತ್ತಾರೆ. ರೈಲು ಹಳಿಯ ಮೇಲೆ ಎಲ್ಲಿದೆ ಎಂದು ಅದು ಹೆಡ್‌ಸೆಟ್‌ಗೆ ತಿಳಿಸುತ್ತಿರುತ್ತದೆ. ನಾವೂ ಅದನ್ನೇ ಸಣ್ಣದಾಗಿ ಮಾಡಿದೆವು. ಹಿಂದಿನ ಡಬ್ಬಿಯ ಗಾಲಿಗೆ ನಾಲ್ಕು ಆಯಸ್ಕಾಂತ ಅಂಟಿಸಿ, ಎದುರಿಗೆ ಹಾಲ್ ಸೆನ್ಸರ್ ಇಟ್ಟೆವು. ಗಾಲಿಯ ಅಗಲ 20 ಸೆಂಟಿಮೀಟರ್. ಅಂದರೆ ಪ್ರತಿ ಸುಮಾರು 16 ಸೆಂಟಿಮೀಟರಿಗೆ ಒಂದು ಸಿಗ್ನಲ್. ಇಎಸ್‌ಪಿ32 ಬೋರ್ಡ್ ಅದನ್ನು ಎಣಿಸಿ ವೈಫೈ ಮೂಲಕ ಫೋನಿಗೆ ಕಳಿಸುತ್ತಿತ್ತು. ಹತ್ತಿಸಿ ಇಳಿಸುವ ಜಾಗದಲ್ಲಿ ಹಳಿಗೆ ಇನ್ನೊಂದು ಆಯಸ್ಕಾಂತ. ಅದನ್ನು ದಾಟಿದ ಕೂಡಲೇ ಎಲ್ಲ ತಪ್ಪೂ ಸೊನ್ನೆ, ಹೊಸ ಲೆಕ್ಕ ಶುರು. ಹದಿನೈದು ದಿನ ನಿದ್ದೆಗೆಟ್ಟದ್ದಕ್ಕೆ ಫಲ ಸಿಕ್ಕಿತು. ಈ ಸಲ ಐದು ಸುತ್ತು ಮುಗಿಸಿದರೂ ಹೊಟ್ಟೆ ತಣ್ಣಗಿತ್ತು. ಗೆಳತಿ ಇಳಿದು ‘ಖರೇನ ಕೋಟಿ ಮ್ಯಾಲೆ ಹಾರಿದಂಗಾತು’ ಎಂದಾಗ ನಾವು ಮೂವರೂ ಕುಣಿದುಬಿಟ್ಟೆವು.

ಯಲ್ಲಮ್ಮನಗುಡ್ಡದ ಒಂದು ಗಂಟೆ

ಜನವರಿ, ಬನದ ಹುಣ್ಣಿಮೆ. ಗುಡ್ಡದ ತುಂಬ ‘ಉಧೋ ಉಧೋ’. ಕಾಕಾ ನಮಗೆ ಸಂಜೆ 7ರಿಂದ 8ರವರೆಗೆ ಒಂದು ಗಂಟೆ ಕೊಟ್ಟರು. ಮುಂದಿನ ನಾಲ್ಕು ಸೀಟಿಗೆ ಹೆಡ್‌ಸೆಟ್, ಅದಕ್ಕೆ 50 ರೂಪಾಯಿ ಹೆಚ್ಚು. ರಾಮದುರ್ಗದ ಗೆಳತಿ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತಳು.

ಹತ್ತಿದವರು ಖುಷಿಪಟ್ಟರು, ಅದರಲ್ಲಿ ಸುಳ್ಳಿಲ್ಲ. ಕಾಲೇಜು ಹುಡುಗರು ಕಿರುಚಾಡಿ ಇಳಿದು, ಮತ್ತೊಮ್ಮೆ ಟಿಕೆಟ್ ತೆಗೆದುಕೊಂಡರು. ಆದರೆ ನಾನು ಲ್ಯಾಬ್‌ನಲ್ಲಿ ಎಂದೂ ಯೋಚಿಸದ ಸಂಗತಿಗಳು ಒಂದೊಂದಾಗಿ ಬಂದವು. ಗುಡ್ಡಕ್ಕೆ ಬಂದ ಎಲ್ಲರ ಹಣೆಯಲ್ಲೂ ಭಂಡಾರ. ಮೊದಲ ಟ್ರಿಪ್‌ಗೇ ಹೆಡ್‌ಸೆಟ್‌ನ ಸ್ಪಂಜು ಹಳದಿಯಾಯಿತು. ಲೆನ್ಸ್ ಮೇಲೆ ಪುಡಿ. ಪ್ರತಿ ಸಲ ಒರೆಸಬೇಕು. ಹೆಣ್ಣುಮಕ್ಕಳ ತಲೆಯ ಹೂವಿಗೆ ಪಟ್ಟಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಚಾಳೀಸು ಹಾಕಿಕೊಂಡವರಿಗೆ ಹೆಡ್‌ಸೆಟ್ ಕೂರುತ್ತಿರಲಿಲ್ಲ. ‘ಮಸುಕ ಕಾಣಸ್ತೈತಿ’ ಎಂದು ಒಬ್ಬರು, ‘ಬಿಗಿ ಆತು’ ಎಂದು ಇನ್ನೊಬ್ಬರು.

ಎಲ್ಲಕ್ಕಿಂತ ಕಷ್ಟವಾದದ್ದು ಮಕ್ಕಳದ್ದು. ಗೇರ್ ವಿಆರ್‌ನಂಥ ಹೆಡ್‌ಸೆಟ್‌ಗಳನ್ನು 13 ವರ್ಷದೊಳಗಿನವರು ಬಳಸಬಾರದು ಎಂದು ತಯಾರಕರೇ ಹೇಳಿದ್ದರು. ನಾವೂ ಅದನ್ನೇ ಬೋರ್ಡ್ ಬರೆದು ಹಾಕಿದ್ದೆವು. ಆದರೆ ಡ್ರ್ಯಾಗನ್ ಟ್ರೇನ್ ಹತ್ತುವವರು ಯಾರು? ಹೆಚ್ಚಿನವರು ಹತ್ತು ವರ್ಷದೊಳಗಿನ ಮಕ್ಕಳೇ! ಮುಂದಿನ ಸೀಟಿಗೆ ಓಡಿ ಬಂದ ಒಬ್ಬ ಪೋರನನ್ನು ಎಬ್ಬಿಸಿ ಹಿಂದೆ ಕೂರಿಸಿದೆ. ಅವನು ಅಳತೊಡಗಿದ. ಅವನ ಅವ್ವ ‘ನಾವೇನ ರೊಕ್ಕ ಕೊಡೂದಿಲ್ಲೇನವಾ?’ ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಮಕ್ಕಳ ಆಟಿಕೆಯೊಂದಕ್ಕೆ ಮಕ್ಕಳೇ ಮುಟ್ಟಬಾರದ ವಸ್ತು ತಂದು ಕೂರಿಸಿದ್ದೆ.

ಇಷ್ಟೆಲ್ಲ ನಡೆಯುವಾಗ ಸರದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಪಕ್ಕದ ತೊಟ್ಟಿಲಿನ ಕಡೆ ಹೋದರು.

ಆ ರಾತ್ರಿ ಗೆಳತಿಯ ಪಟ್ಟಿ ಹಿಡಿದು ಲೆಕ್ಕ ಹಾಕಿದೆ. ಐದು ಸುತ್ತಿಗೆ 2 ನಿಮಿಷ. ಹೆಡ್‌ಸೆಟ್ ಇಲ್ಲದಾಗ ಹತ್ತಿಸಿ ಇಳಿಸಲು ಮತ್ತೆ 2 ನಿಮಿಷ. ಅಂದರೆ ಗಂಟೆಗೆ 15 ಟ್ರಿಪ್, ರೈಲು ತುಂಬಿದರೆ 240 ಜನ, 12,000 ರೂಪಾಯಿ. ಹೆಡ್‌ಸೆಟ್ ಹಾಕಿದ ಮೇಲೆ ಹತ್ತಿಸಿ ಇಳಿಸಲು 6 ನಿಮಿಷ. ಆ ಗಂಟೆಯಲ್ಲಿ ಆದದ್ದು 7 ಟ್ರಿಪ್. ಎಲ್ಲ ಸೀಟು ತುಂಬಿದ್ದವು ಎಂದೇ ಹಿಡಿದರೂ 112 ಜನ, 5,600 ರೂಪಾಯಿ. ಹೆಡ್‌ಸೆಟ್‌ನ ಹೆಚ್ಚುವರಿ ದುಡ್ಡು 1,400. ಒಟ್ಟು 7,000. ನನ್ನ ‘ಡಬಲ್’ ಎಂಬ ಮಾತಿಗೆ ಕಾಕಾ ಒಂದೇ ಗಂಟೆಯಲ್ಲಿ ತೆತ್ತದ್ದು 5,000 ರೂಪಾಯಿ.

ವಿಡಿಯೊ ಹೇಳದ ಕಥೆ

ಮತ್ತೆ ಇಂಟರ್‌ನೆಟ್‌ಗೆ ಹೋದೆ. ಈ ಸಲ ಹುಡುಕಿದ್ದು ಉದ್ಘಾಟನೆಯ ಸುದ್ದಿಯನ್ನಲ್ಲ, ಆಮೇಲೆ ಏನಾಯಿತು ಎಂಬುದನ್ನು. ಅಮೆರಿಕದ ಸೀವರ್ಲ್ಡ್ ಒರ್ಲ್ಯಾಂಡೊ 2017ರಲ್ಲಿ ತನ್ನ ‘ಕ್ರಾಕನ್’ ಕೋಸ್ಟರ್‌ಗೆ ವಿಆರ್ ಹಾಕಿತ್ತು. 2018ರಲ್ಲಿ ತೆಗೆದುಹಾಕಿತು. ಆಲ್ಟನ್ ಟವರ್ಸ್‌ನ ಗ್ಯಾಲಕ್ಟಿಕಾ ಕೂಡ ಕೆಲವೇ ವರ್ಷಗಳಲ್ಲಿ ವಿಆರ್ ಕೈಬಿಟ್ಟಿತು. ಇಂಥ ಕಡೆಗಳಲ್ಲೆಲ್ಲ ಕೇಳಿಬಂದ ದೂರು ಒಂದೇ ಥರದ್ದು: ಹೆಡ್‌ಸೆಟ್ ತೊಡಿಸುವುದು, ಪರೀಕ್ಷಿಸುವುದು, ಒರೆಸುವುದು, ಅದರಿಂದ ಉದ್ದವಾಗುವ ಸರದಿ. ಅಷ್ಟು ದೊಡ್ಡವರು ಎಡವಿದ ಕಲ್ಲಿಗೇ ನಾವೂ ಯಲ್ಲಮ್ಮನಗುಡ್ಡದಲ್ಲಿ ಎಡವಿದ್ದೆವು.

ದಾರಿ ಕಂಡುಕೊಂಡವರೂ ಇದ್ದಾರೆ. ಅದೇ ಯೂರೋಪಾ ಪಾರ್ಕ್ 2018ರಲ್ಲಿ ‘ಯೂರೋಸ್ಯಾಟ್’ ಕೋಸ್ಟರ್‌ಗೆ ವಿಆರ್ ತಂದಾಗ ಹೆಡ್‌ಸೆಟ್ ತೊಡುವ ಕೆಲಸವನ್ನು ಪ್ಲಾಟ್‌ಫಾರ್ಮ್‌ನಿಂದಲೇ ಹೊರಗಿಟ್ಟಿತು. ವಿಆರ್ ಬೇಕಾದವರಿಗೆ ಬೇರೆ ಬಾಗಿಲು. ಮೊದಲೇ ಬೇರೆ ಜಾಗದಲ್ಲಿ ಹೆಡ್‌ಸೆಟ್ ಹಾಕಿಕೊಂಡು, ಅದರಲ್ಲಿ ಕಾಣುವ ಲೋಕದಲ್ಲೇ ನಡೆದು ಬಂದು ರೈಲು ಹತ್ತಬೇಕು. ರೈಲು ಯಾರಿಗಾಗಿಯೂ ಕಾಯಬೇಕಿಲ್ಲ. ಸೊಗಸಾದ ಪರಿಹಾರ. ಆದರೆ ಅದಕ್ಕೆ ಬೇರೆ ಕಟ್ಟಡ ಬೇಕು, ಬೇರೆ ಸಿಬ್ಬಂದಿ ಬೇಕು. ಹರಾಜಿನಲ್ಲಿ ಹಿಡಿದ ನಾಲ್ಕು ದಿನದ ಜಾಗದಲ್ಲಿ, ತಗಡಿನ ಬೇಲಿಯೊಳಗೆ ಕಾಕಾ ಅದನ್ನು ಎಲ್ಲಿಂದ ತರಬೇಕು?

ಹೇಳಲೇಬೇಕಾದ ಮಾತು

ಬೆಳಿಗ್ಗೆ ಚಹಾ ಕುಡಿಯುವಾಗ ಕಾಕಾ ತಾವೇ ಮಾತು ತೆಗೆದರು. ‘ಹುಡುಗ್ರು ಭಾಳ ಖುಷ್ ಆದ್ರ ನೋಡ. ನಾಲ್ಕ ಸೀಟ ಅಂದ್ರ ತೊಂದ್ರಿ. ಹದಿನಾರಕ್ಕೂ ಹಾಕಿಸಿಬಿಡೂಣು. ಕೈಗಡ ಕೇಳೇನಿ, ಕೊಡ್ತೇನಂದಾರ.’

ನನ್ನ ಎದೆ ಧಸಕ್ಕೆಂದಿತು. ಹಿಂದಿನ ರಾತ್ರಿಯ ನಷ್ಟವನ್ನು ಕಾಕಾ ಹೆಡ್‌ಸೆಟ್ ಸಾಲದ್ದಕ್ಕೆ ಆದದ್ದು ಎಂದುಕೊಂಡಿದ್ದರು. ಹದಿನಾರು ಹೆಡ್‌ಸೆಟ್, ಅದಕ್ಕೆ ಹದಿನಾರು ಫೋನು. ಲಕ್ಷ ದಾಟುತ್ತದೆ. ಸುಮ್ಮನಿದ್ದರೆ ನನ್ನ ಪ್ರಾಜೆಕ್ಟ್‌ಗೆ ‘ಜಾತ್ರೆಯಲ್ಲಿ ಅಳವಡಿಸಲಾಗಿದೆ’ ಎಂಬ ಸಾಲು ಸಿಗುತ್ತಿತ್ತು. ರೆಸ್ಯೂಮೆಯಲ್ಲಿ ಎಷ್ಟು ಚೆಂದ ಕಾಣುತ್ತಿತ್ತು ಆ ಸಾಲು! ಸಾಲ ತೀರಿಸುವವರು ಮಾತ್ರ ಕಾಕಾ.

ನೋಟ್‌ಬುಕ್ ತೆಗೆದು ಮುಂದಿಟ್ಟೆ. ‘ಬ್ಯಾಡ ಕಾಕಾ. ಹದಿನಾರು ಹಾಕಿದ್ರ ಇನ್ನೂ ತಡಾ ಆಗ್ತೈತಿ. ಡಬಲ್ ಬರ್ತಾರ ಅಂತ ನಾ ಸುಮ್ನ ಹೇಳಿದ್ದೆ. ಲೆಕ್ಕಾ ಮಾಡಿರಲಿಲ್ಲ.’

ಕಾಕಾ ಅಂಕಿಗಳ ಮೇಲೆ ಬೆರಳಾಡಿಸಿ ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಚಹಾ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದರು: ‘ತಂಗೀ, ಜಾತ್ರ್ಯಾಗಿನ ಆಟದ ರೊಕ್ಕ ತಿರಗೂದ್ರಾಗ ಇಲ್ಲ. ಹತ್ತಸೂದು ಇಳಸೂದ್ರಾಗ ಐತಿ. ಇಪ್ಪತ್ತ ವರ್ಷದಿಂದ ಗೊತ್ತಿತ್ತ ನನಗ. ನೀ ಕಲ್ತಾಕಿ ಹೇಳಿದಿ ಅಂತ ನಾನೂ ಮರತೆ.’

ನಾಲ್ಕು ತಿಂಗಳು ಪ್ರಾಜೆಕ್ಟ್ ಮಾಡಿದೆ. ಒಂದು ದಿನವೂ ಕಾಕಾನ ಪಕ್ಕ ನಿಂತು ಒಂದು ಟ್ರಿಪ್‌ಗೆ ಎಷ್ಟು ಹೊತ್ತು ಬೇಕು ಎಂದು ಕೇಳಿರಲಿಲ್ಲ. ಕೇಳಿದ್ದರೆ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವದಲ್ಲೇ ಉತ್ತರ ಸಿಗುತ್ತಿತ್ತು.

ವೈವಾದಲ್ಲಿ

ವರದಿಯ ಕೊನೆಯ ಪುಟದಲ್ಲಿ ಏನು ಬರೆಯಬೇಕು ಎಂದು ಮೂವರಲ್ಲೂ ಜಗಳವಾಯಿತು. ‘ಸಕ್ಸಸ್’ ಎಂದು ಬರೆದರೆ ಯಾರು ಗುಡ್ಡಕ್ಕೆ ಹೋಗಿ ನೋಡುತ್ತಾರೆ ಎಂದ ಗೆಳೆಯ. ಕೊನೆಗೆ ಎರಡನ್ನೂ ಬರೆದೆವು: ಹೊಂದಾಣಿಕೆ ವ್ಯವಸ್ಥೆ ಕೆಲಸ ಮಾಡುತ್ತದೆ, ಜಾತ್ರೆಯ ರೈಲಿಗೆ ಇದನ್ನು ಅಳವಡಿಸಬಾರದು. ಜೊತೆಗೆ ಸ್ಟಾಪ್‌ವಾಚ್‌ನ ಪಟ್ಟಿ. ವೈವಾದಲ್ಲಿ ಪರೀಕ್ಷಕರು ಯೂನಿಟಿ ದೃಶ್ಯವನ್ನು ಅರ್ಧ ನಿಮಿಷ ನೋಡಿದರು. ಆ ಪಟ್ಟಿಯ ಬಗ್ಗೆ ಹತ್ತು ನಿಮಿಷ ಪ್ರಶ್ನೆ ಕೇಳಿದರು.

ಕೆಲಸ ಹುಡುಕುವ ಗೆಳೆಯರಿಗೆ ಒಂದು ಮಾತು. ವಿಆರ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು 2012ರಲ್ಲೇ ನೀತಿ ತಂದ ರಾಜ್ಯ ನಮ್ಮದು. 2024ರಲ್ಲಿ ವಿಆರ್‌ನಂಥ ತಂತ್ರಜ್ಞಾನಗಳನ್ನೂ ಸೇರಿಸಿ ಎವಿಜಿಸಿ–ಎಕ್ಸ್‌ಆರ್ ಎಂಬ ಹೊಸ ನೀತಿ ಬಂದಿದೆ. ಯೂನಿಟಿ, ಬ್ಲೆಂಡರ್, ಸ್ವಲ್ಪ ಸೆನ್ಸರ್ ಕೆಲಸ ಗೊತ್ತಿದ್ದರೆ ಬಾಗಿಲುಗಳಿವೆ. ನಾನೂ ಅವನ್ನೇ ತಟ್ಟುವವಳು. ಆದರೆ ನೀವು ಮಾಡಿದ್ದನ್ನು ಬಳಸುವವರ ಪಕ್ಕದಲ್ಲಿ ಒಂದು ಸಂಜೆ ಗಡಿಯಾರ ಹಿಡಿದು ನಿಂತು ನೋಡಿ. ಅದಕ್ಕೆ ಕೋರ್ಸ್ ಇಲ್ಲ, ಫೀಸೂ ಇಲ್ಲ.

ಹೆಡ್‌ಸೆಟ್‌ಗಳು ಈಗ ಹಾಸ್ಟೆಲ್‌ನ ಅಟ್ಟದ ಮೇಲಿವೆ. ಗಾಲಿಯ ಆಯಸ್ಕಾಂತ ಮಾತ್ರ ಅಲ್ಲೇ ಉಳಿದಿದೆ. ಎಲ್ಲವನ್ನೂ ಬಿಚ್ಚಲು ಹೋದಾಗ ಕಾಕಾ ತಡೆದು, ‘ಇದ ಸುತ್ತ ಎಣಸ್ತೈತಲ್ಲ?’ ಎಂದರು. ‘ಐದ ಸುತ್ತ ಅಂದು ನಾಲ್ಕ ಹೊಡಿಸಿದಿ’ ಎಂದು ತಾಯಂದಿರು ಜಗಳ ತೆಗೆಯುವುದು ಅವರಿಗೆ ದಿನಾಲೂ ಇದ್ದದ್ದೇ. ಅದೇ ಬೋರ್ಡಿಗೆ ಒಂದು ದೊಡ್ಡ ಕೆಂಪು ಅಂಕಿಯ ಡಿಸ್‌ಪ್ಲೇ ಜೋಡಿಸಿ ಡ್ರ್ಯಾಗನ್ ಮುಖದ ಮೇಲೆ ಕೂರಿಸಿಕೊಟ್ಟೆ. ಅರ್ಧ ದಿನದ ಕೆಲಸ. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋದಾಗ ನೋಡಿದೆ: ಅಂಕಿ ಬದಲಾದಾಗಲೆಲ್ಲ ರೈಲಿನ ಮಕ್ಕಳು, ಬೇಲಿಯಾಚೆ ಸರದಿಯಲ್ಲಿ ನಿಂತ ಮಕ್ಕಳು ಒಟ್ಟಿಗೇ ಕೂಗುತ್ತಿದ್ದರು, ‘ಒಂದ… ಎರಡ… ಮೂರ…’

ಕಾಕಾ ಟಿಕೆಟ್ ಹರಿಯುತ್ತಾ ನನ್ನ ಕಡೆ ನೋಡಿ ನಕ್ಕರು. ಆಗ ಸರದಿಯಲ್ಲಿದ್ದವರನ್ನು ನಾನೂ ಎಣಿಸಿದೆ. ಮೂವತ್ತೊಂದು ಮಂದಿ ಇದ್ದರು.